ನೂರು ಹುಣಸೆ ಬೀಜ ಸಾಲಲಿಲ್ಲ

(ಹೆಸರುಗಳನ್ನು ಬದಲಿಸಿದ್ದೇನೆ. ಊರು ಹೇಳುವುದಿಲ್ಲ. ಐವರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.)

“ಬೆಂಕಿ ಮುಂದ ಕುಂತು ಬಡಿಯಾಕಿ ನಾ. ಸ್ಕೂಟಿ ಮ್ಯಾಲ ತಿರುಗಾಕಿ ಆಕಿ. ರೊಕ್ಕ ಮಾತ್ರ ಸಮಾಸಮಾ. ಇದ್ಯಾವ ನ್ಯಾಯಾರೀ ಅಕ್ಕಾರ?”

ಸಂಘದ ಜಗಳ ಬಗೆಹರಿಸಿಕೊಡಿ ಎಂದು ನನ್ನಲ್ಲಿಗೆ ಬಂದ ಶಾಂತವ್ವ, ಕುರ್ಚಿಯಲ್ಲಿ ಕೂರುವ ಮೊದಲೇ ಇಷ್ಟು ಹೇಳಿ ಮುಗಿಸಿದ್ದರು. ವಯಸ್ಸು 48. ಉತ್ತರ ಕರ್ನಾಟಕದ ಒಂದು ಹಳ್ಳಿಯ ಸ್ವಸಹಾಯ ಸಂಘದವರು. ಸಂಘದ ಐದು ಜನ ಸೇರಿ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕೊಡುತ್ತಾರೆ. ಶಾಂತವ್ವ ಮತ್ತು ಇನ್ನಿಬ್ಬರು ರೊಟ್ಟಿ ಬಡಿಯುತ್ತಾರೆ. ಜೋಳ ಹಸನು ಮಾಡುವುದು, ಗಿರಣಿಗೆ ಒಯ್ಯುವುದು, ಎಸರಿಟ್ಟು ಹಿಟ್ಟು ನಾದುವುದು ಮಹಾದೇವಿಯ ಕೆಲಸ. ಆರ್ಡರ್, ಲೆಕ್ಕ, ಬಾಕಿ ವಸೂಲಿ ರೇಣುಕಾಳದ್ದು. ಅವಳಿಗೆ 29.

ಒಂದು ಮದುವೆಗೆ 1,000 ರೊಟ್ಟಿ ಕಳಿಸಿದ್ದರು. ಅಲ್ಲಿ ಎಣಿಸಿದಾಗ 80 ಕಡಿಮೆ. ಬೀಗರ ಮುಂದೆ ಬೈಸಿಕೊಂಡವಳು ರೇಣುಕಾ. ಅವತ್ತು ರಾತ್ರಿ ಅವಳು ವಾಟ್ಸಾಪ್ ಗುಂಪಿಗೆ ಒಂದು ಆಡಿಯೋ ಹಾಕಿದಳು: “ಎಣಸಾಕೂ ಬರೂದಿಲ್ಲೇನು ನಿಮಗ?” ಶಾಂತವ್ವ ಅದನ್ನು ಕೇಳಿದ್ದು ಸೊಸೆಯ ಎದುರಿಗೆ. ಅಲ್ಲಿಂದ ಮಾತು ನಿಂತಿತು. ಅದುವರೆಗೆ “ಚಿಗವ್ವ” ಎನ್ನುತ್ತಿದ್ದ ರೇಣುಕಾ ಈಗ “ಶಾಂತವ್ವಾರು” ಎನ್ನುತ್ತಿದ್ದಳು. ಈ ಒಂದು ಬದಲಾವಣೆ ನನಗೆ ಆಡಿಯೋಗಿಂತ ಜಾಸ್ತಿ ಹೇಳಿತು.

ಊರಿನ ಹಿರಿಯರು ಅಷ್ಟರಲ್ಲಿ “ಹೊಂದಿಕೊಂಡು ಹೋಗ್ರವಾ” ಎಂದು ಹೇಳಿಯಾಗಿತ್ತು. ಈ ಮಾತು ಕೇಳಿದಾಗೆಲ್ಲ ನನಗೆ ಬೇಸರವಾಗುತ್ತದೆ. ಯಾರು, ಯಾವುದಕ್ಕೆ, ಎಷ್ಟು ದಿನ ಹೊಂದಿಕೊಳ್ಳಬೇಕು? ಸಾಮಾನ್ಯವಾಗಿ ಬಾಯಿ ಇಲ್ಲದವರೇ ಹೊಂದಿಕೊಳ್ಳುತ್ತಾರೆ, ಅಲ್ವಾ?

ಆದರೆ ನಾನೂ ಮೊದಲ ದಿನ ತಪ್ಪು ಮಾಡಿದೆ. ಇಬ್ಬರನ್ನೂ ನೇರವಾಗಿ ಎದುರುಬದುರು ಕೂರಿಸಿದೆ. ಇಪ್ಪತ್ತೇ ನಿಮಿಷದಲ್ಲಿ ರೊಟ್ಟಿಯ ಮಾತು ಹೋಗಿ, ಎಂದೋ ತೊಟ್ಟಿಲ ಕಾರ್ಯಕ್ಕೆ ಕರೆಯದ ಮಾತು ಬಂತು. ರೇಣುಕಾ ಅತ್ತುಕೊಂಡು ಎದ್ದು ಹೋದಳು. ಜಗಳ ಇಬ್ಬರದಾಗಿ ಕಂಡರೂ ಕೆಲಸ ಐವರದು. ಐವರನ್ನೂ ಬೇರೆ ಬೇರೆಯಾಗಿ ಕೇಳದೆ ಇಬ್ಬರನ್ನು ಕೂರಿಸಬಾರದಿತ್ತು.

ಮುಂದಿನ ವಾರ ಒಂದು ತಟ್ಟೆಯಲ್ಲಿ 100 ಹುಣಸೆ ಬೀಜ ಇಟ್ಟುಕೊಂಡೆ. ಒಬ್ಬೊಬ್ಬರನ್ನೇ ಒಳಗೆ ಕರೆದೆ. “ರೊಟ್ಟಿ ಕೆಲಸ ಎಲ್ಲಾ ಸೇರಿ ಈ ನೂರು ಬೀಜ ಅಂದುಕೊಳ್ಳಿ. ನಿಮ್ಮ ಪಾಲು ಎಷ್ಟು ಅನಿಸುತ್ತದೋ ಅಷ್ಟು ತೆಗೆಯಿರಿ” ಎಂದೆ. ಎಣಿಸಿ ಬರೆದುಕೊಂಡು ಬೀಜಗಳನ್ನು ಮತ್ತೆ ತಟ್ಟೆಗೆ ಹಾಕುತ್ತಿದ್ದೆ. ಶಾಂತವ್ವ 40. ರೇಣುಕಾ 45. ಬಡಿಯುವ ಇನ್ನಿಬ್ಬರು 30 ಮತ್ತು 28. ಮಹಾದೇವಿ 25. ಒಟ್ಟು 168.

ಆಮೇಲೆ ಐವರನ್ನೂ ಚಾಪೆಯ ಮೇಲೆ ಸುತ್ತ ಕೂರಿಸಿ, ಆಗ ತೆಗೆದಷ್ಟನ್ನೇ ಮತ್ತೆ ತೆಗೆಯಲು ಹೇಳಿದೆ. ಶಾಂತವ್ವ, ರೇಣುಕಾ ತೆಗೆದುಕೊಂಡ ಮೇಲೆ ತಟ್ಟೆಯಲ್ಲಿ ಉಳಿದದ್ದು 15. ಮೂರನೆಯವರು ಅಷ್ಟನ್ನೂ ಬಳಿದುಕೊಂಡರು. ನಾಲ್ಕನೆಯವರು ಸುಮ್ನೆ ಕೈ ಹಿಂದಕ್ಕೆ ತೆಗೆದುಕೊಂಡರು. ಕೊನೆಗೆ ಮಹಾದೇವಿ. ಅಲ್ಲಿಯವರೆಗೂ ಒಂದು ಮಾತೂ ಆಡದವರು ಖಾಲಿ ತಟ್ಟೆ ನೋಡಿ ಮೆಲ್ಲಗೆ ಕೇಳಿದರು, “ಹಂಗಾರ ನಂದೇನೂ ಇಲ್ಲೇನು?”

ಯಾರೂ ತಲೆ ಎತ್ತಲಿಲ್ಲ.

ಇದರಲ್ಲಿ ಯಾರದೂ ಸುಳ್ಳಿಲ್ಲ ಎಂದು ಅವರಿಗೆ ಹೇಳಿದೆ. 1979ರಲ್ಲಿ ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು ಗಂಡ ಹೆಂಡಿರನ್ನು ಬೇರೆ ಬೇರೆಯಾಗಿ ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದ್ದರು. ಹೆಚ್ಚಿನ ಜೋಡಿಗಳಲ್ಲಿ ಇಬ್ಬರ ಪಾಲು ಕೂಡಿದರೆ ಪೂರ್ತಿ ಕೆಲಸಕ್ಕಿಂತ ಜಾಸ್ತಿಯಾಗಿತ್ತು. ನಾವು ಮಾಡಿದ್ದು ನಮಗೆ ಕೈ ಉರಿಯ ಸಮೇತ ನೆನಪಿರುತ್ತದೆ. ಪಕ್ಕದವರು ಮಾಡಿದ್ದು ಕಣ್ಣಿಗೆ ಬಿದ್ದಷ್ಟೇ.

ಕಾಣದ ಕೆಲಸವನ್ನು ಮೊದಲು ಕಾಣಿಸಬೇಕಿತ್ತು. ಒಂದು ದಿನ ಕೆಲಸ ಅದಲುಬದಲು ಮಾಡಿಕೊಳ್ಳಿ ಎಂದೆ. ರೇಣುಕಾ ಒಂದು ಗಂಟೆ ಹಂಚಿನ ಮುಂದೆ ಕೂತಳು. ಜೋಳದ ಹಿಟ್ಟಿಗೆ ಗೋಧಿಯ ಜಿಗಿ ಇಲ್ಲ. ಎಸರಿನ ಹದ, ಅಂಗೈಯ ಏಟು ಎರಡೂ ಸರಿಯಿದ್ದರೆ ಮಾತ್ರ ರೊಟ್ಟಿ ಹರಿಯದೆ ಅಗಲವಾಗುತ್ತದೆ. ಅವಳು ಬಡಿದ 11 ರೊಟ್ಟಿಯಲ್ಲಿ 6 ಹರಿದವು. ಶಾಂತವ್ವ ಅವಳ ಜೊತೆ ಸ್ಕೂಟಿ ಹತ್ತಿ ಮೂರು ಖಾನಾವಳಿಗೆ ಬಾಕಿ ಕೇಳಲು ಹೋದರು. ಒಂದು ಕಡೆ ಮುಕ್ಕಾಲು ಗಂಟೆ ಗಲ್ಲೆಯ ಮುಂದೆ ನಿಲ್ಲಿಸಿ “ನಾಳೆ ಬಾರವಾ” ಎಂದರಂತೆ. “ನನಗಾದ್ರ ಒಲಿ ಮುಂದ ಯಾರೂ ಹಂಗ ಮಾತಾಡೂದಿಲ್ರೀ” ಎಂದು ಶಾಂತವ್ವ ನನಗೆ ಹೇಳಿದಾಗ ದನಿ ಇಳಿದಿತ್ತು.

ಇಷ್ಟಾದ ಮೇಲೆಯೇ ನಾನು ಸಲಹೆ ಕೊಟ್ಟದ್ದು. ವಾಟ್ಸಾಪ್ ಗುಂಪಿನಲ್ಲಿ ಆರ್ಡರ್, ಸಮಯ, ಎಣಿಕೆ ಮಾತ್ರ ಇರಲಿ. ಬೈಗುಳದ ಆಡಿಯೋ ಬೇಡ. ಏನಾದರೂ ಇದ್ದರೆ ವಾರದ ಸಭೆಗೆ ಮೊದಲೇ ಆ ವ್ಯಕ್ತಿಗೇ ಹೇಳಬೇಕು. ಹೇಳುವಾಗ “ನೀ ಯಾವಾಗಲೂ ಹಿಂಗ” ಎನ್ನಬಾರದು. “ಆ ಮದುವೆಗೆ 80 ರೊಟ್ಟಿ ಕಡಿಮೆ ಹೋದವು, ನನಗೆ ಅವಮಾನ ಆಯಿತು” ಎಂದು ನಡೆದದ್ದನ್ನಷ್ಟೇ ಹೇಳಬೇಕು. ಎಣಿಕೆಗೆ ಇಬ್ಬರು ಇರಬೇಕು. ಪ್ರತಿ ಗಂಟಿನ ಮೇಲೆ ಇಬ್ಬರ ಸಹಿಯ ಚೀಟಿ. ಮಾತು ಕೆಟ್ಟದ್ದು ಆಮೇಲೆ, ಮೊದಲು ಕೆಟ್ಟದ್ದು ಎಣಿಕೆ: ಅವತ್ತಿನ ಎಣಿಕೆ ಯಾರ ಜವಾಬ್ದಾರಿ ಎಂದು ಐವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಹಣದ ಹಂಚಿಕೆಯನ್ನು ನಾನು ಹೇಳಿಕೊಡಲಿಲ್ಲ. ಅದು ಅವರೇ ಮಾಡಬೇಕಾದ ಲೆಕ್ಕ. ಎರಡು ಸಭೆ ಗುದ್ದಾಡಿ ಒಂದು ದಾರಿಗೆ ಬಂದರು. ಬಡಿಯುವವರಿಗೆ ರೊಟ್ಟಿ ಲೆಕ್ಕದಲ್ಲಿ, ಉಳಿದಿಬ್ಬರಿಗೆ ದಿನದ ಲೆಕ್ಕದಲ್ಲಿ ಕೂಲಿ. ಮಿಕ್ಕ ಲಾಭ ಸಮಪಾಲು. ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಆರು ತಿಂಗಳ ಮೇಲೆ ಮತ್ತೆ ನೋಡೋಣ ಎಂಬ ಒಂದು ಸಾಲನ್ನು ಸೇರಿಸಲು ಮಾತ್ರ ನಾನು ಹೇಳಿದೆ.

ಮೂರು ತಿಂಗಳಾದ ಮೇಲೆ ಹೋಗಿ ನೋಡಿದೆ. ತೊಟ್ಟಿಲ ಕಾರ್ಯದ ಮುನಿಸು ಇನ್ನೂ ಇದೆ. ರೇಣುಕಾ ಈಗಲೂ “ಶಾಂತವ್ವಾರು” ಎಂದೇ ಕರೆಯುತ್ತಾಳೆ. ಅದನ್ನು ನಾನು ಕೆದಕಲಿಲ್ಲ. ಪಡಸಾಲೆಯಲ್ಲಿ ಮಹಾದೇವಿ 25ರಂತೆ ರೊಟ್ಟಿ ಒಟ್ಟುತ್ತಾ ಜೋರಾಗಿ ಎಣಿಸುತ್ತಿದ್ದರು. ನಡುವೆ ರೇಣುಕಾ ಏನೋ ಕೇಳಲು ಬಂದಳು. “ತಡೀ, ಲೆಕ್ಕ ತಪ್ತೈತಿ” ಎಂದು ಮಹಾದೇವಿ ಕೈ ಅಡ್ಡ ಮಾಡಿದರು. ರೇಣುಕಾ ಚೀಟಿ ಹಿಡಿದು ಕಾಯುತ್ತ ನಿಂತಳು.