ರೈಬೆಲ್ಸಸ್ ಬಿಟ್ಟು ಮೌಂಜಾರೊ ಶುರು ಮಾಡುವ ಮೊದಲು ನೀವು ತಗೊಳ್ಳುವ ಬೇರೆ ಮಾತ್ರೆಗಳನ್ನು ನೋಡಿ

ಗದಗದಲ್ಲಿದ್ದೀರಿ, ಟೈಪ್ 2 ಶುಗರ್ ಜೊತೆ ಪಿಸಿಒಡಿ (ಮುಟ್ಟು ಏರುಪೇರಾಗುವ ಹಾರ್ಮೋನ್ ತೊಂದರೆ) ಇದೆ, ರೈಬೆಲ್ಸಸ್ ಮಾತ್ರೆ 14 ಮಿಲಿಗ್ರಾಂ ತಗೊಂಡರೂ ತೂಕ ನಿಂತಲ್ಲೇ ನಿಂತಿದೆ, ಈಗ ಡಾಕ್ಟರ್ ಮೌಂಜಾರೊ ಇಂಜೆಕ್ಷನ್ ಅಂದಿದ್ದಾರೆ, ಬದಲಿಸಲು ಹೆದರಿಕೆ ಅಂತ ಬರೆದಿದ್ದೀರಿ. ನನಗೂ ಈ ಎರಡೂ ಇವೆ. ಹುಬ್ಬಳ್ಳಿಯಲ್ಲಿದ್ದೇನೆ, ಇದೇ ಬದಲಾವಣೆ ಮಾಡಿಕೊಂಡಿದ್ದೇನೆ. ಡಾಕ್ಟರ್ ಅಲ್ಲ, ಆದರೆ ಡಾಕ್ಟರ ಹತ್ತಿರ ಏನೇನು ಕೇಳಬೇಕು ಅಂತ ಹೇಳಬಲ್ಲೆ.

ಎಲ್ಲರೂ ಎಷ್ಟು ಕೆಜಿ ಇಳಿಯುತ್ತದೆ ಅಂತಲೇ ಕೇಳುತ್ತಾರೆ. ನೀವು ಮೊದಲು ರೈಬೆಲ್ಸಸ್ ಬಿಟ್ಟು ಬೇರೆ ಯಾವ ಮಾತ್ರೆ ತಗೊಳ್ಳುತ್ತೀರೋ ಅವುಗಳ ಚೀಟಿ ತೆಗೆಯಿರಿ.

ರೈಬೆಲ್ಸಸ್‌ನಲ್ಲಿರುವುದು ಸೆಮಾಗ್ಲುಟೈಡ್, ಮೌಂಜಾರೊದಲ್ಲಿರುವುದು ಟಿರ್ಜೆಪಟೈಡ್. ಮಾತ್ರೆ ದೊಡ್ಡ ಡೋಸ್‌ನಲ್ಲಿತ್ತು ಅಂತ ಇಂಜೆಕ್ಷನ್ನೂ ದೊಡ್ಡದರಿಂದ ಶುರುವಾಗುವುದಿಲ್ಲ. ವಾರಕ್ಕೊಮ್ಮೆ 2.5 ಮಿಲಿಗ್ರಾಂ, ನಾಲ್ಕು ವಾರ, ಆಮೇಲೆ 5. ಆ 2.5 ಹೊಟ್ಟೆಗೆ ರೂಢಿಯಾಗಲಿ ಅಂತ ಕೊಡುವುದು, ಶುಗರ್ ಹಿಡಿಯಲಿ ಅಂತ ಅಲ್ಲ. ಹಾಗಾಗಿ ಮೊದಲ ತಿಂಗಳು ಗ್ಲುಕೋಮೀಟರ್‌ನಲ್ಲಿ ಅಂಕಿ ಸ್ವಲ್ಪ ಮೇಲೆ ಹೋದರೆ ಔಷಧ ಹತ್ತಲಿಲ್ಲ ಅಂತ ಗಾಬರಿಯಾಗಬೇಡಿ, ಬರೆದಿಟ್ಟು ಡಾಕ್ಟರಿಗೆ ತೋರಿಸಿ, ನೀವೇ ಡೋಸ್ ಏರಿಸಬೇಡಿ. ಎರಡನ್ನೂ ಒಟ್ಟಿಗೆ ಅಂತೂ ಬೇಡವೇ ಬೇಡ. ಮಾತ್ರೆ ಯಾವತ್ತು ನಿಲ್ಲಿಸಬೇಕು, ಮೊದಲ ಚುಚ್ಚು ಯಾವತ್ತು ಅಂತ ತಾರೀಖು ಬರೆಸಿಕೊಳ್ಳಿ.

ಆ ಚೀಟಿಯಲ್ಲಿ ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಜಾಸ್ತಿ ಎಚ್ಚರ ಬೇಕು. ಇಂಜೆಕ್ಷನ್ ಡೋಸ್ ಏರಿದ ಹಾಗೆ ಊಟ ಕಡಿಮೆಯಾಗುತ್ತದೆ, ಅವು ಮಾತ್ರ ಹಳೇ ಅಳತೆಯಲ್ಲೇ ಶುಗರ್ ಇಳಿಸುತ್ತಿರುತ್ತವೆ. ಕೈ ನಡುಕ, ಬೆವರು, ಕಣ್ಣು ಕತ್ತಲೆ ಬಂದರೆ ಅದು ಲೋ ಶುಗರ್ ಇರಬಹುದು. ಅವನ್ನು ಯಾವಾಗ ಕಡಿಮೆ ಮಾಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಮೆಟ್‌ಫಾರ್ಮಿನ್‌ನಿಂದ ಇಂಥ ತೊಂದರೆ ಕಡಿಮೆ, ಪಿಸಿಒಡಿಗೂ ಅದನ್ನು ಕೊಡುತ್ತಾರೆ.

ಇನ್ನು ಪಿಸಿಒಡಿ ವಿಷಯ, ನಮ್ಮ ಕಡೆ ಇದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಮುಟ್ಟು ಸರಿಯಾಗಲಿ ಅಂತ ಹಾರ್ಮೋನ್ ಮಾತ್ರೆ ನುಂಗುತ್ತಿದ್ದೀರಾ? ಗರ್ಭ ತಡೆಯಲೂ ಅದನ್ನೇ ನಂಬಿದ್ದೀರಾ? ಟಿರ್ಜೆಪಟೈಡ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಆ ಮಾತ್ರೆಯ ಕೆಲಸ ಕಡಿಮೆಯಾಗಬಹುದು. ಅದಕ್ಕೇ ಶುರು ಮಾಡಿದ ಮೇಲೆ ನಾಲ್ಕು ವಾರ, ಪ್ರತಿ ಸಲ ಡೋಸ್ ಏರಿಸಿದ ಮೇಲೆ ಮತ್ತೆ ನಾಲ್ಕು ವಾರ, ಕಾಂಡೋಮ್ ಕೂಡ ಬಳಸಬೇಕು. ತೂಕ ಇಳಿದರೆ ಅಂಡ ಬಿಡುಗಡೆಯೂ ಮತ್ತೆ ಶುರುವಾಗಬಹುದು, ವರ್ಷಗಟ್ಟಲೆ ಮುಟ್ಟು ಏರುಪೇರಾಗಿದ್ದವರಿಗೂ ಗರ್ಭ ನಿಲ್ಲಬಹುದು. ಮಗು ಬೇಕು ಅನ್ನುವ ಯೋಚನೆ ಇದ್ದರೆ ಈಗಲೇ ಹೇಳಿ, ರೈಬೆಲ್ಸಸ್, ಮೌಂಜಾರೊ ಥರದ ಔಷಧಗಳನ್ನು ಮೊದಲೇ ನಿಲ್ಲಿಸಬೇಕಾಗುತ್ತದೆ.

ಇಂಜೆಕ್ಷನ್ ಶುರುವಾದ ಮೇಲೆ ಊಟ ಅರ್ಧ ರೊಟ್ಟಿಗೇ ಸಾಕು ಅನ್ನಿಸಬಹುದು, ಆಗ ಮೊದಲು ಮೊಳಕೆ ಕಾಳಿನ ಪಲ್ಯ, ಮೊಸರು ತಿನ್ನಿ, ರೊಟ್ಟಿ ಆಮೇಲೆ. ತೂಕದ ಜೊತೆ ಸ್ನಾಯುವೂ ಕರಗುತ್ತದೆ, ಅದಕ್ಕೇ ಪ್ರೋಟೀನ್ ಮೊದಲು. ಸಂಜೆಯ ಮಿರ್ಚಿ ಭಜಿ ಕೆಲವು ವಾರ ಬಿಡಿ, ಎಣ್ಣೆ ತಿಂದರೆ ವಾಕರಿಕೆ ಜಾಸ್ತಿ. ಕಣ್ಣಿನ ರೆಟಿನಾ (ಕಣ್ಣಿನ ಒಳಗಿನ ಹಿಂಭಾಗದ ಪರದೆ) ಪರೀಕ್ಷೆ ಮಾಡಿಸಿಕೊಳ್ಳಿ, ಶುಗರ್ ಬೇಗ ಇಳಿದಾಗ ಮೊದಲೇ ಇರುವ ರೆಟಿನಾ ತೊಂದರೆ ಕೆಲವರಿಗೆ ಹೆಚ್ಚಾಗುತ್ತದೆ. ಇಂಜೆಕ್ಷನ್ ಪೆನ್ನು ಫ್ರಿಜ್‌ನಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ. ನಮ್ಮ ಏಪ್ರಿಲ್ ಬಿಸಿಲಲ್ಲಿ ಅದಕ್ಕೆ ಮಿತಿಯಾದ 30 ಡಿಗ್ರಿ ಸುಮ್ನೆ ದಾಟುತ್ತದೆ, ಹಾಗೇ ಬ್ಯಾಗಿನಲ್ಲಿಟ್ಟು ಬಸ್ ಹತ್ತಬೇಡಿ.

ಹೊಟ್ಟೆನೋವು ಜೋರಾಗಿ ಬೆನ್ನಿಗೆ ಹಬ್ಬಿದರೆ, ವಾಂತಿ ನಿಲ್ಲದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ನೀವು ಈಗ ತಗೊಳ್ಳುತ್ತಿರುವ ಉಳಿದ ಮಾತ್ರೆ ಯಾವುವು ಅಂತ ಬರೆಯಿರಿ, ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಕೂಡಿ ಬರೆಯೋಣ.