ವಾಲ್ಟ್ಸ್ ವಿಡಿಯೋಗಳಿಗೆ ಯಾವ ಹೆಸರು ಇಡೋದು

ಕಾರವಾರದಲ್ಲಿ ತಂಗಿ ರಿಸೆಪ್ಶನ್‌ಗೆ ಅಂತ ಸೇವ್ ಮಾಡಿದ ವಾಲ್ಟ್ಸ್ (ಮೂರೆಣಿಕೆಯ ಜೋಡಿ ಡಾನ್ಸು) ವಿಡಿಯೋಗಳಲ್ಲಿ ಒಬ್ರು ರೈಟ್ ಟರ್ನ್ ಅಂತಾರೆ ಇನ್ನೊಬ್ರು ನ್ಯಾಚುರಲ್ ಟರ್ನ್ ಅಂತಾರೆ, ಫೈಲಿಗೆ ಯಾವ ಹೆಸರು ಇಡ್ಲಿ ಅಂತ ಕೇಳಿದ್ರಲ್ಲ. ಎರಡೂ ಬಲಕ್ಕೆ ತಿರುಗೋದೇ ಮಾರಾಯ್ರೆ, ಇಂಟರ್‌ನ್ಯಾಷನಲ್ ಸ್ಟೈಲಲ್ಲಿ ಬಲಕ್ಕೆ ನ್ಯಾಚುರಲ್ ಎಡಕ್ಕೆ ರಿವರ್ಸ್, ಅಮೆರಿಕನ್ ಸ್ಟೈಲ್‌ನವ್ರು ಸೀದಾ ರೈಟು ಲೆಫ್ಟು ಅಂದ್ಬಿಡ್ತಾರೆ. ಯಾವ್ದಾದ್ರೂ ಅಡ್ಡಿಲ್ಲ, ಆದ್ರೆ ಬರೀ ನ್ಯಾಚುರಲ್ ಟರ್ನ್ ಅಂತ ಇಟ್ರೆ ಆಮೇಲೆ ತಲೆ ಕೆಡ್ತದೆ, ಯಾಕಂದ್ರೆ ಫಾಕ್ಸ್‌ಟ್ರಾಟ್ ಅನ್ನೋ ಇನ್ನೊಂದು ಜೋಡಿ ಡಾನ್ಸಲ್ಲೂ ಅದೇ ಹೆಸರಿದೆ, ಅಲ್ಲಿ ಹುಡುಗಿ ಹಿಮ್ಮಡಿ ಮೇಲೆ ತಿರುಗ್ಬೇಕು, ವಾಲ್ಟ್ಸಲ್ಲಿ ಹಾಗಿಲ್ಲ. ಅದ್ಕೆ ಫೈಲಿನ ಹೆಸರಲ್ಲಿ ಮೊದ್ಲು ಡಾನ್ಸು, ಆಮೇಲೆ ಸ್ಟೈಲು, ಆಮೇಲೆ ಸ್ಟೆಪ್ಪು.

ಜೊತೆಗೆ ಸ್ಟೆಪ್ ಹೇಗೆ ಮುಗೀತದೆ ಅಂತಲೂ ಬರೀರಿ, ನನ್ ಪ್ರಕಾರ ಹೆಸರಿಗಿಂತ ಇದೇ ಉಪಯೋಗಕ್ಕೆ ಬರೋದು. ವಿಸ್ಕ್ ಅನ್ನೋ ವಾಲ್ಟ್ಸ್ ಸ್ಟೆಪ್ಪಲ್ಲಿ ಮೂರನೇ ಎಣಿಕೆಗೆ ಹುಡುಗನ ಎಡಗಾಲು ಬಲಗಾಲ ಹಿಂದೆ ಕ್ರಾಸ್ ಆಗಿ ಇಬ್ರೂ ಒಂದೇ ಕಡೆ ತೆರ್ಕೊಂಡು ನಿಲ್ತಾರೆ, ಅಲ್ಲಿಂದ ಶಸ್ಸೆ (ಪಕ್ಕಕ್ಕೆ ಕಾಲು ಸೇರಿಸ್ತಾ ಹೋಗೋ ಸ್ಟೆಪ್) ಚಂದ ಕೂಡ್ತದೆ, ಅದರ ಎಣಿಕೆ 1, 2, ಆಂಡ್, 3, ಅಂದ್ರೆ ನಾಲ್ಕು ಹೆಜ್ಜೆ.

ವಿಯೆನ್ನೀಸ್ ವಾಲ್ಟ್ಸಿಗೆ ಬೇರೆ ಫೋಲ್ಡರ್ ಮಾಡಿ, ಅದು ನಿಮಿಷಕ್ಕೆ 60 ಬಾರ್ (ಒಂದು ಬಾರ್ ಅಂದ್ರೆ ಮೂರೆಣಿಕೆಯ ಒಂದು ಸುತ್ತು) ಹತ್ರ ಓಡ್ತದೆ, ಇಲ್ಲಿವರೆಗೆ ಹೇಳಿದ ಮಾಮೂಲಿ ಸ್ಲೋ ವಾಲ್ಟ್ಸ್ 30ರ ಆಸುಪಾಸು. ಹಾಲಲ್ಲಿ ಬ್ಯಾಂಡ್‌ನವ್ರು ಯಾವ ಸ್ಪೀಡಲ್ಲಿ ಬಾರಿಸ್ತಾರೆ ಅಂತ ಮಾತ್ರ ಈಗ್ಲೇ ಕೇಳಿಟ್ಕೊಳ್ಳಿ.