ಸಹಿ ಹಾಕಿದವರ ಪಟ್ಟಿ ಮೊದಲು ಓದಿ

ಯಾದಗಿರಿಯ ಲೇಖಕ ಮಿತ್ರರೆ,

ಹೊಸದಾಗಿ ಸ್ವತಂತ್ರವಾದ ದೇಶಗಳ ಸ್ನೇಹದ ಬಗ್ಗೆ ನೀವು ಕಳಿಸಿದ ಲೇಖನವನ್ನು ಕಲಬುರಗಿಯ ನಮ್ಮ ಕಚೇರಿಯಲ್ಲಿ ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ, ಶ್ರಮ ಕಾಣುತ್ತದೆ. ಆದರೆ ಮೂರನೇ ಪ್ಯಾರಾಕ್ಕೆ ಬಂದಾಗ ಸಿಟ್ಟು ಬಂತು.

'1955ರಲ್ಲಿ ಬಾಂಡುಂಗ್‌ನಲ್ಲಿ ಅಲಿಪ್ತ ಚಳವಳಿ ಹುಟ್ಟಿತು' ಎಂದಿದ್ದೀರಿ. ಅಲಿಪ್ತ ಎಂದರೆ ಅಮೆರಿಕ, ಸೋವಿಯತ್ ಎರಡೂ ಬಣಗಳಿಗೆ ಸೇರದವರು. ಇಂಡೋನೇಷ್ಯಾದ ಆ ಊರಿನ ಸಮ್ಮೇಳನಕ್ಕೆ ಸೇರಿದ್ದ ಏಷ್ಯಾ, ಆಫ್ರಿಕಾದ 29 ದೇಶಗಳ ಪಟ್ಟಿ ತೆಗೆದು ನೋಡ್ರಿ. ಪಾಕಿಸ್ತಾನ, ಫಿಲಿಪ್ಪೀನ್ಸ್, ಥಾಯ್ಲೆಂಡ್ ಹಿಂದಿನ ವರ್ಷವೇ ಅಮೆರಿಕದೊಂದಿಗೆ ಸಿಯಾಟೊ ಎಂಬ ಸೇನಾಕೂಟದ ಒಪ್ಪಂದಕ್ಕೆ ಸಹಿ ಹಾಕಿದ್ದವು. ಟರ್ಕಿ ಅಮೆರಿಕ ಇದ್ದ ಇನ್ನೊಂದು ಸೇನಾಕೂಟ ನೇಟೊದಲ್ಲಿತ್ತು. ಚೀನಾ ಆಗ ಸೋವಿಯತ್ ಕಡೆ. ಇವರೆಲ್ಲ ಅಲಿಪ್ತರು ಹೇಗಾದಾರು?

ಅಲ್ಲಿನ ಹತ್ತು ತತ್ವಗಳನ್ನು ನೀವು 'ಶಾಂತಿಯ ಸಂದೇಶ' ಎಂದು ಒಂದೇ ಮಾತಿನಲ್ಲಿ ದಾಟಿಬಿಟ್ಟಿದ್ದೀರಿ. ಐದನೆಯದನ್ನು ಓದಿ: ಪ್ರತಿ ದೇಶಕ್ಕೂ ಒಂಟಿಯಾಗಿ ಇಲ್ಲವೆ ಸಾಮೂಹಿಕವಾಗಿ ಆತ್ಮರಕ್ಷಣೆಯ ಹಕ್ಕಿದೆ. ಆ 'ಸಾಮೂಹಿಕವಾಗಿ' ಸೇನಾಕೂಟದಲ್ಲಿದ್ದವರಿಗೆ ಬೇಕಾದ ಪದ. ಆರನೆಯದು, ಅಂಥ ಏರ್ಪಾಡು ದೊಡ್ಡ ಶಕ್ತಿಗಳ ಸ್ವಾರ್ಥಕ್ಕೆ ಬಳಕೆಯಾಗಬಾರದು ಎನ್ನುತ್ತದೆ. ಅದು ನೆಹರೂ ಅವರಂಥವರಿಗೆ ಬೇಕಾದದ್ದು. ಇಡೀ ಸಮ್ಮೇಳನದ ಜಗ್ಗಾಟ ಈ ಎರಡು ಸಾಲುಗಳಲ್ಲಿದೆ. ಲೇಖನದ ಜೀವ ಇಲ್ಲೇ ಇತ್ತು, ನೀವು ಬಿಟ್ಟಿರಿ.

ಅಲಿಪ್ತರ ಮೊದಲ ಶೃಂಗಸಭೆ ನಡೆದದ್ದು 1961ರ ಸೆಪ್ಟೆಂಬರ್‌ನಲ್ಲಿ, ಬೆಲ್‌ಗ್ರೇಡ್‌ನಲ್ಲಿ. ಯಾರನ್ನು ಕರೆಯಬೇಕು ಎಂಬ ಮಾನದಂಡ ಜೂನ್‌ನಲ್ಲಿ ಕೈರೋದಲ್ಲಿ ಗೊತ್ತಾಗಿತ್ತು. ಆತಿಥ್ಯ ವಹಿಸಿದ ಟಿಟೊ ಅವರ ಯುಗೊಸ್ಲಾವಿಯ ಬಾಂಡುಂಗ್‌ನಲ್ಲಿ ಇರಲೇ ಇಲ್ಲ.

ಕರಡು ತಿದ್ದಲು ಕಲಿಯುವಾಗ ನನಗೆ ಹಿರಿಯರು ಹೇಳಿಕೊಟ್ಟ ಮೊದಲ ಪಾಠ: ಭಾಷಣ ಆಮೇಲೆ, ಸಹಿ ಹಾಕಿದವರ ಪಟ್ಟಿ ಮೊದಲು.

ಇನ್ನೊಂದು, ಏಳನೇ ಪ್ಯಾರಾ. 'ಇಚ್ಛಾಶಕ್ತಿಯ ಕೊರತೆಯಿಂದ ಸಾರ್ಕ್ ಸೋತಿತು.' ಗಂಜ್‌ನಲ್ಲಿ ಚೀಲಕ್ಕೆ ಕೈ ಹಾಕದೆ ತೊಗರಿಗೆ ದರ ಕೂಗುತ್ತಾರೆಯೇ? ದಕ್ಷಿಣ ಏಷ್ಯಾ ದೇಶಗಳ ಈ ಕೂಟದ 1985ರ ಸನ್ನದಿನ ಹತ್ತನೇ ವಿಧಿ ತೆರೆಯಿರಿ. ಎಲ್ಲ ನಿರ್ಣಯವೂ ಸರ್ವಾನುಮತದಿಂದಲೇ ಆಗಬೇಕು. ಇಬ್ಬರ ನಡುವಿನ ತಕರಾರು, ವಿವಾದದ ವಿಷಯ ಚರ್ಚೆಗೆ ಬರುವಂತಿಲ್ಲ. ಒಬ್ಬರು ಬೇಡವೆಂದರೆ ಎಲ್ಲವೂ ನಿಂತಿತು. 2014ರ ಕಠ್ಮಂಡು ಶೃಂಗಸಭೆಯಲ್ಲಿ ಪಾಕಿಸ್ತಾನ ಒಪ್ಪದೆ, ಒಂದು ದೇಶದ ವಾಹನ ಇನ್ನೊಂದು ದೇಶಕ್ಕೆ ಹೋಗಲು ಬಿಡುವ ಮೋಟಾರು ವಾಹನ ಒಪ್ಪಂದ ಬಿದ್ದುಹೋಯಿತು. ಮರುವರ್ಷ ಜೂನ್‌ನಲ್ಲಿ ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ್ ಥಿಂಪುವಿನಲ್ಲಿ ಅಂಥದೇ ಒಪ್ಪಂದಕ್ಕೆ ತಾವೇ ಸಹಿ ಹಾಕಿದವು. ಆಮೇಲೆ ಅದಕ್ಕೆ ಭೂತಾನದ ಮೇಲ್ಮನೆ ಒಪ್ಪಿಗೆ ಕೊಡಲಿಲ್ಲ. ಸಣ್ಣ ದೇಶಕ್ಕೆ ಹೊರಗಿನ ಲಾರಿಗಳ ಹಾವಳಿಯ ಚಿಂತೆ ಇತ್ತು. ಇದನ್ನು ಇಚ್ಛಾಶಕ್ತಿಯ ಕೊರತೆ ಎಂದು ಕರೆಯಲು ನನಗೆ ಮನಸ್ಸು ಬಾರದು.

ಈ ಎರಡು ಪ್ಯಾರಾ ಮಾತ್ರ ಹೊಸದಾಗಿ ಬರೆದು ಕಳಿಸಿ. ಉಳಿದದ್ದಕ್ಕೆ ನಾನು ಕೈ ಹಚ್ಚುವುದಿಲ್ಲ.